ಓದು ಹತ್ತದ ಮಗುವಿನ ಮೌಲ್ಯಾಂಕನ: ನಾನು ಅನುಸರಿಸುವ ಕ್ರಮ

ಮಂಡ್ಯ ಸುತ್ತಿನ ಶಾಲೆಗಳಿಂದ ‘ಎಷ್ಟು ಹೇಳ್ಕೊಟ್ರೂ ತಲೆಗೆ ಹತ್ತಲ್ಲ ಮೇಡಂ’ ಎಂದು ನನ್ನ ಬಳಿಗೆ ಮೌಲ್ಯಾಂಕನಕ್ಕೆ ಕಳಿಸುವ ಮಕ್ಕಳು ಹೆಚ್ಚಾಗಿ ಮೂರನೆಯ, ನಾಲ್ಕನೆಯ ತರಗತಿಯವರು. ಬುದ್ಧಿಮಟ್ಟದ ಪರೀಕ್ಷೆಯ ಮಾತು ಎತ್ತುವ ಮೊದಲು ನಾನು ಕಿವಿ, ಕಣ್ಣು ತೋರಿಸಿಕೊಂಡು ಬರಲು ಹೇಳುತ್ತೇನೆ. ಒಂದೇ ಕಿವಿ ಮಂದವಾಗಿರುವ ಮಗು ಎದುರು ಕೂತು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸುತ್ತದೆ, ತರಗತಿಯ ಗದ್ದಲದಲ್ಲಿ ಅರ್ಧ ಪಾಠ ಕಳೆದುಕೊಳ್ಳುತ್ತದೆ. ಶ್ರವಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ. ಕಿವಿ ಸೋರುತ್ತಿದ್ದರೆ ಅಥವಾ ನೆಗಡಿ ಇದ್ದರೆ ಅದನ್ನು ಅಲ್ಲಿ ಮೊದಲೇ ಹೇಳಬೇಕು. ಮಧ್ಯಕಿವಿಯಲ್ಲಿ ದ್ರವ ತುಂಬಿದಾಗ ಕೇಳುವಿಕೆ ತಾತ್ಕಾಲಿಕವಾಗಿ ಕುಗ್ಗುತ್ತದೆ, ಗುಣವಾದ ಮೇಲೆ ಮತ್ತೆ ಅಳೆಯಬೇಕಾಗುತ್ತದೆ.

ನಂತರ ಓದು. ಪಠ್ಯಪುಸ್ತಕ ಕೊಟ್ಟು ಓದಿಸುವುದರಿಂದ ಏನೂ ತಿಳಿಯುವುದಿಲ್ಲ, ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠವಾಗಿರುತ್ತದೆ. ನಾನು ನಾಲ್ಕು ಚೀಟಿ ಮಾಡಿಕೊಳ್ಳುತ್ತೇನೆ: ‘ಮರ’, ‘ಬಸವ’ದಂಥ ಸರಳ ಪದ, ಗುಣಿತಾಕ್ಷರದ ಪದ, ‘ಅಕ್ಕ’ದಂಥ ಸಜಾತಿ ಒತ್ತು, ‘ಪುಸ್ತಕ’ದಂಥ ವಿಜಾತಿ ಒತ್ತು. ಒಂದೊಂದರಲ್ಲಿ 10 ಪದ. ಜೊತೆಗೆ ‘ಟಮಿಲೆ’, ‘ಗನುಪ’ ಎಂಬ ಅರ್ಥವಿಲ್ಲದ ಪದಗಳೂ 10. ನಿಜ ಪದ ಓದಿ ಇವುಗಳ ಬಳಿ ನಿಂತುಬಿಡುವ ಮಗು ಅಕ್ಷರ ಕೂಡಿಸಿ ಓದುತ್ತಿಲ್ಲ, ಪದದ ಚಿತ್ರ ನೆನಪಿಟ್ಟುಕೊಂಡಿದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತನ್ನು ಬರೆಯುವುದು ಕೊನೆಗೆ, ಉಚ್ಚರಿಸುವುದು ಮೊದಲು. ಅಲ್ಲಿ ಎಡವುವ ಮಕ್ಕಳು ಬಹಳ, ಅದೊಂದರಿಂದಲೇ ಕಲಿಕಾ ನ್ಯೂನತೆ (ಬುದ್ಧಿ ಸಾಕಷ್ಟಿದ್ದೂ ಓದು, ಬರಹ, ಲೆಕ್ಕ ಹತ್ತದ ತೊಂದರೆ) ಎನ್ನಲಾಗದು.

ನಮ್ಮ ಕಡೆಯ ಮನೆಮಾತನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬಾರದು. ‘ಹಾಲು’ ಎಂದಿರುವುದನ್ನು ‘ಆಲು’ ಎಂದರೆ, ‘ಶಾಲೆ’ಯನ್ನು ‘ಸಾಲೆ’ ಎಂದರೆ, ಮಹಾಪ್ರಾಣ ಬಿಟ್ಟರೆ ಅದು ಊರಿನ ಉಚ್ಚಾರಣೆ. ‘ಕಲ’, ‘ಕಾಲ’ ಬೇರೆ ಮಾಡಲಾಗದೆ ಇದ್ದರೆ, ಸಾಲು ಬಿಟ್ಟು ಸಾಲಿಗೆ ಹಾರಿದರೆ, ಒತ್ತನ್ನು ಯಾವಾಗಲೂ ನುಂಗಿದರೆ ಗುರುತು ಹಾಕಿಕೊಳ್ಳುತ್ತೇನೆ. ಈ ವ್ಯತ್ಯಾಸ ಕಾಣದೆ ಹಳ್ಳಿಯ ಮಗುವಿಗೆ ಹಣೆಪಟ್ಟಿ ಹಚ್ಚುವುದು ದೊಡ್ಡ ಅನ್ಯಾಯ.

ಗಣಿತಕ್ಕೆ ಒಂದೇ ಲೆಕ್ಕ ಸಾಕಷ್ಟು ಹೇಳುತ್ತದೆ. 52ರಲ್ಲಿ 38 ಕಳೆ ಎಂದಾಗ 26 ಬರೆದರೆ ದಶಕ ಬಿಡಿಸಿಕೊಳ್ಳುವುದು ತಿಳಿದಿಲ್ಲ, ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುತ್ತಿದೆ.

ಬುದ್ಧಿಮಟ್ಟ ಅಳೆಯುವ ಬಿನೆ–ಕಾಮತ್ ಪರೀಕ್ಷೆ, ನಿಮ್ಹಾನ್ಸ್ ಕಲಿಕಾ ನ್ಯೂನತೆ ಪರೀಕ್ಷಾಮಾಲೆ ಮುಂತಾದವನ್ನು ಮನಶ್ಶಾಸ್ತ್ರಜ್ಞರೇ ಮಾಡಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಮಗುವಿಗೆ 8 ವರ್ಷ ತುಂಬಿರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳಿಗೆ ನ್ಯೂನತೆ ಕನಿಷ್ಠ ಶೇ. 40 ಇರಬೇಕೆಂಬ ಮಿತಿಯಿದೆ, ಆದರೆ ಶೇ. 40 ಇಲ್ಲವೆಂದು ತರಗತಿಯ ನೆರವು ನಿಲ್ಲಿಸುವಂತಿಲ್ಲ. ವರದಿಯಲ್ಲಿ ಒಟ್ಟು ಅಂಕ ಮಾತ್ರ ಇದ್ದರೆ ಉಪಪರೀಕ್ಷೆಗಳ ಅಂಕವನ್ನೂ ಕೇಳಿ ಪಡೆಯುತ್ತೇನೆ. ಆ ಮಗುವಿಗೆ ಏನು, ಹೇಗೆ ಕಲಿಸಬೇಕೆಂಬ ಯೋಜನೆ ಬರೆಯಲು ಬೇಕಾಗುವುದು ಅವೇ.

ವೈಯಕ್ತಿಕ ಶಿಕ್ಷಣ ಯೋಜನೆ ಎನ್ನುವ ಇದರಲ್ಲಿ ‘ಓದುವ ಸಾಮರ್ಥ್ಯ ಹೆಚ್ಚಿಸುವುದು’ ಎಂಬ ಗುರಿ ಇದ್ದರೆ ಅದನ್ನು ಅಳೆಯಲು ಬರುವುದಿಲ್ಲ. ‘ಮೂರು ತಿಂಗಳಲ್ಲಿ, ಹೊಸದಾಗಿ ಕೊಟ್ಟ ಇ, ಈ ಗುಣಿತದ 10 ಪದಗಳಲ್ಲಿ 8ನ್ನು ಸಹಾಯವಿಲ್ಲದೆ ಓದುವುದು, ಸತತ ಮೂರು ದಿನ’ ಎಂದು ಬರೆಯುತ್ತೇನೆ. ಒಂದು ಅವಧಿಗೆ ಎರಡೋ ಮೂರೋ ಗುರಿ ಸಾಕು, ಹತ್ತು ಬರೆದರೆ ಹತ್ತೂ ಕಡತದಲ್ಲೇ ಉಳಿಯುತ್ತವೆ. ಕಲಿಸುವವರು ಯಾರು, ಯಾವ ಅವಧಿಯಲ್ಲಿ, ಎಷ್ಟು ನಿಮಿಷ ಎಂಬುದೂ ಅಲ್ಲೇ ಇರಬೇಕು. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ ನಡೆದರೆ ಫಲ ಕಾಣುತ್ತದೆ, ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ಮಗು ದಣಿಯುತ್ತದೆ ಅಷ್ಟೆ. ಆಟದ ಅವಧಿ ಕಿತ್ತುಕೊಳ್ಳಬೇಡಿ, ಬಹಳ ಮಕ್ಕಳಿಗೆ ತಾವು ಗೆಲ್ಲುವ ಜಾಗ ಅದೊಂದೇ.

ತಾಯಿ–ತಂದೆ ಎದುರಿಗೇ ಯೋಜನೆ ಓದಿ ಹೇಳಿ, ಮನೆಯಲ್ಲಿ ಆಗುವಷ್ಟೇ ಕೆಲಸ ಒಪ್ಪಿಸಿ ಸಹಿ ಪಡೆಯುತ್ತೇನೆ. ಆರು ವಾರಕ್ಕೆ ಅದೇ ಬಗೆಯ ಹೊಸ ಚೀಟಿಗಳಿಂದ ಮತ್ತೆ ಅಳೆಯುತ್ತೇನೆ. ಏನೂ ಬದಲಾಗದಿದ್ದರೆ ಬದಲಿಸಬೇಕಾದ್ದು ಕಲಿಸುವ ವಿಧಾನ.

ಎಸ್ಸೆಸ್ಸೆಲ್ಸಿಯಲ್ಲಿ, ತಾನು ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವು ಬೇಕಾಗಬಹುದಾದ ಮಗುವಿಗೆ ಎಂಟನೆಯ ತರಗತಿಯಿಂದಲೇ ಹೇಳಿ ಬರೆಸುವ ಅಭ್ಯಾಸ ಬೇಕು. ಇಲ್ಲವಾದರೆ ಉತ್ತರ ಗೊತ್ತಿದ್ದೂ ಗಣಿತದ ಹಂತಗಳನ್ನು ಕ್ರಮವಾಗಿ ಹೇಳಲು ತಡವರಿಸಿ ಅಂಕ ಕಳೆದುಕೊಳ್ಳುತ್ತಾರೆ.