ಕಲಬುರಗಿ ಬಿಸಿಲಿನಲ್ಲಿ ಮಂಗಳನ ಹಿಮಮೋಡ: ನನ್ನ ಅನುಭವ

ನಲವತ್ತೆರಡು ಡಿಗ್ರಿ ಬಿಸಿಲಿನ ಊರಿನಲ್ಲಿ ಮಂಗಳ ಗ್ರಹದ ಹಿಮಮೋಡ ಕಟ್ಟುತ್ತೇನೆ ಎಂದಾಗ ನಮ್ಮ ಭೌತಶಾಸ್ತ್ರ ವಿಭಾಗದವರೇ ನಂಬಲಿಲ್ಲ. ಈಗ ಅವರೆಲ್ಲ ಅದನ್ನು ಹಸಿರು ಲೇಸರ್ ಬೆಳಕಿನಲ್ಲಿ ಕಣ್ಣಾರೆ ಕಂಡಿದ್ದಾರೆ.

ಮೊದಲು ಹಣ ನುಂಗಿದ್ದು ಪಾತ್ರೆಯನ್ನು ತಣಿಸಲು ಬೇಕಾದ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಹೈದರಾಬಾದಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತರಿಸಿದರೆ ಅರ್ಧಕ್ಕರ್ಧ ದಾರಿಯಲ್ಲೇ ಆವಿಯಾಗುತ್ತಿತ್ತು. ಏಳೆಂಟು ಸಾವಿರ ಹೀಗೇ ಹೋದ ಮೇಲೆ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನೇ ಬಾಡಿಗೆಗೆ ತಂದು, ತಲೆಕೆಳಗು ಮಾಡಿ, ದಪ್ಪ ಬಟ್ಟೆಯ ಚೀಲದೊಳಕ್ಕೆ ಬಿಟ್ಟು ಹಿಮ ಹಿಡಿಯತೊಡಗಿದೆ. ಏಪ್ರಿಲ್‌ನಲ್ಲಿ ಅದೂ ಕೈಕೊಟ್ಟಿತು. 31 ಡಿಗ್ರಿ ದಾಟಿದರೆ ಸಿಲಿಂಡರಿನೊಳಗೆ ದ್ರವವೇ ಉಳಿಯುವುದಿಲ್ಲವಲ್ಲ! ರಾತ್ರಿಯಿಡೀ ಒದ್ದೆ ಗೋಣಿಚೀಲ ಸುತ್ತಿಟ್ಟು ನಸುಕಿನಲ್ಲಿ ತೆರೆದೆ. ನಮ್ಮ ಒಣಹವೆಗೆ ಗೋಣಿ ಚೆನ್ನಾಗಿ ತಣಿಯುತ್ತದೆ, ಚೀಲ ತುಂಬಿತು. ಅನಿಲ ಕೋಣೆಯಲ್ಲಿ ತುಂಬಿಕೊಂಡರೆ ಉಸಿರುಗಟ್ಟುವುದರಿಂದ ಕಿಟಕಿ ಬಾಗಿಲು ಮಾತ್ರ ತೆರೆದಿರಲೇಬೇಕು. ಒಣಹವೆಯಿಂದ ಇನ್ನೊಂದು ಲಾಭವೂ ಉಂಟು: ಗಾಜಿನ ಹೊರಮೈಗೆ ಮಂಜು ಕಟ್ಟುವುದು ಕಡಿಮೆ. ಇದೇ ಕೆಲಸವನ್ನು ಮಳೆಗಾಲದಲ್ಲಿ ಮಾಡಿದರೆ ಗಾಜು ಒರೆಸುವುದರಲ್ಲೇ ಹೊತ್ತು ಹೋಗುತ್ತದೆ.

ಪಾತ್ರೆಗೆ ಆರಿಂಚಿನ ಸ್ಟೀಲ್ ಪೈಪನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಎಸಿ ರಿಪೇರಿಯವರಿಂದ ಹಳೆಯ ವ್ಯಾಕ್ಯೂಮ್ ಪಂಪು, ಸುಮಾರು ಐದು ಸಾವಿರ. ಅಕ್ರಿಲಿಕ್ ಕಿಟಕಿ ಚಳಿಗೆ ಸೀಳಿತು, ರಬ್ಬರ್ ರಿಂಗು ಕಲ್ಲಾಗಿ ಸೋರಿತು. ಗಾಜು ಹಾಕಿಸಿ, ಜೋಡಣೆಗಳನ್ನೆಲ್ಲ ಡ್ರೈ ಐಸಿನ ಮಟ್ಟಕ್ಕಿಂತ ಎತ್ತರದಲ್ಲಿ ಇಟ್ಟ ಬಳಿಕ ಒತ್ತಡ ಆರೇಳು ಮಿಲಿಬಾರಿನಲ್ಲಿ ನಿಂತಿತು. ಮಂಗಳನ ನೆಲದ ಮೇಲೂ ಹೆಚ್ಚುಕಡಿಮೆ ಅಷ್ಟೇ.

ಆದರೂ ಮೋಡ ಏಳಲಿಲ್ಲ. ನೀರಾವಿಯೆಲ್ಲ ಗೋಡೆಗೆ ಹತ್ತಿ ಹೆಪ್ಪುಗಟ್ಟುತ್ತಿತ್ತು. ಆಗ ಆ ಗೋಡೆಯ ಹಿಮವನ್ನೇ ಆವಿಯ ಮೂಲವಾಗಿ ಇಟ್ಟುಕೊಂಡೆ. ಪಕ್ಕದಲ್ಲಿ ಖಾಲಿ ಮಾಡಿದ ಇನ್ನೊಂದು ಪಾತ್ರೆ. ವಾಲ್ವ್ ತಟ್ಟನೆ ತೆರೆದರೆ ಅನಿಲ ಹಿಗ್ಗಿ, ಡ್ರೈ ಐಸಿನ ಮೈನಸ್ ಎಪ್ಪತ್ತೆಂಟು ಡಿಗ್ರಿಯಿಂದ ಮೈನಸ್ ನೂರರ ಆಚೆಗೆ ಒಂದೆರಡು ಕ್ಷಣ ಇಳಿಯುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮೋಡಗಳನ್ನು ಅಧ್ಯಯನ ಮಾಡುವ ಐಡಾ (AIDA) ಎಂಬ ಪ್ರಯೋಗ ಕೋಣೆಯಲ್ಲೂ ಅನಿಲವನ್ನು ಹಿಗ್ಗಿಸಿಯೇ ತಣಿಸುತ್ತಾರೆ. ಅದು 84 ಘನ ಮೀಟರಿನದು, ನನ್ನದು ಬಿಂದಿಗೆಯಷ್ಟು. 2013ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಮಂಗಳನ ಚಳಿಗೆ ಮೋಡ ಕಟ್ಟಲು ಸಾಪೇಕ್ಷ ಆರ್ದ್ರತೆ (ನೂರು ಎಂದರೆ ಆವಿ ತುಂಬಿ ತುಳುಕುವ ಮಟ್ಟ) ಶೇಕಡಾ 190ರವರೆಗೂ ಏರಬೇಕಾಯಿತು. ಹಿಮ ಹತ್ತಿ ಬೆಳೆಯಲು ಧೂಳಿನ ಬೀಜ ಇದ್ದೂ ಅಷ್ಟು!

ಹಾಗಾಗಿ ಯಾವ ಧೂಳು ಎಂಬುದೇ ಮುಖ್ಯ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣು ನೋಡಲು ಮಂಗಳನಂತೆಯೇ ಇರುವುದರಿಂದ ಎಲ್ಲರೂ ಅದನ್ನೇ ಹಾಕು ಎಂದರು. ಹಾಕಿದೆ; ಸಾಧಾರಣ. ಶಹಾಬಾದ್ ಕಲ್ಲಿನ ಪುಡಿಯಿಂದ ಏನೂ ಆಗಲಿಲ್ಲ. ಊದುಬತ್ತಿ ಹೊಗೆಯನ್ನೂ ಬಿಟ್ಟು ನೋಡಿದೆ, ಪಾತ್ರೆಯೊಳಗಿನ ಲೇಸರ್ ಕಿರಣ ಚೆನ್ನಾಗಿ ಕಂಡಿತೇ ಹೊರತು ವಾಲ್ವ್ ತೆರೆದಾಗ ಬದಲಾಗಲಿಲ್ಲ. ಗೆದ್ದದ್ದು ನಮ್ಮ ತೊಗರಿ ಹೊಲದ ಎರೆ ಮಣ್ಣು. ಅದರಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ಮಂಗಳನಲ್ಲೂ ಇದೆ. ವಾಲ್ವ್ ತೆರೆದೊಡನೆ ಮಸುಕು ಗೆರೆಯಂತಿದ್ದ ಕಿರಣ ದಪ್ಪಗಾಗಿ ಬೆಳಗಿತು, ಅದರೊಳಗೆ ಸೂಜಿಮೊನೆಯಂಥ ಕಿಡಿಗಳು ಮಿನುಗುತ್ತ ಕೆಳಗಿಳಿದವು. ಮೂರು ನಾಲ್ಕು ಸೆಕೆಂಡು, ಅಷ್ಟೇ. ಗೋಡೆಗೆ ಹಿಮ ಕಟ್ಟಿಸದೆ ಅದೇ ಧೂಳು ಹಾಕಿದಾಗ ಕಿರಣ ಹಾಗೆಯೇ ಉಳಿಯಿತು. ಆದ್ದರಿಂದ ಕಂಡದ್ದು ಹಿಮವೇ. 2008ರಲ್ಲಿ ಮಂಗಳದಲ್ಲಿಳಿದ ನಾಸಾದ ಫೀನಿಕ್ಸ್ ನೌಕೆಯ ಲೇಸರ್ ಮಂಗಳನ ಮೋಡದಿಂದ ಉದುರುವ ಹಿಮವನ್ನು ಕಂಡಿತ್ತು. ನಾನು ಕಂಡದ್ದೂ ಅದೇ ಬಗೆಯದು.

ಮಣ್ಣನ್ನು ಎಷ್ಟು ಹೊತ್ತು ಹುರಿಯಬೇಕು, ಗಂಟಾಗದಂತೆ ಒಳಗೆ ಹೇಗೆ ಊದಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಟ್ಟು ಖರ್ಚು ಮೂವತ್ತು ಸಾವಿರದ ಆಸುಪಾಸು, ಬಹುಪಾಲು ನನ್ನ ಕೈಯಿಂದ. ಮುಂದೆ ಡ್ರೈ ಐಸಿನ ಮೇಲಿನ ಒತ್ತಡವನ್ನೂ ಪಂಪಿನಿಂದ ತಗ್ಗಿಸಿ, ತಾಪಮಾನವನ್ನು ಇನ್ನಷ್ಟು ಇಳಿಸಿ, ಮಂಗಳನ ಮೇಲ್ಮಟ್ಟದಲ್ಲಿ ಕಟ್ಟುವ ಇಂಗಾಲದ ಡೈಆಕ್ಸೈಡಿನ ಮೋಡವನ್ನೇ ಎಬ್ಬಿಸುವ ಯೋಚನೆ ಇದೆ. ಅದಕ್ಕೆ ಎರಡನೆಯ ಪಂಪು ಬೇಕು, ಹುಡುಕುತ್ತಿದ್ದೇನೆ.