ಕಿತ್ತಳೆಗೆ ಪ್ರಾಸ ಹುಡುಕಬೇಕಾಗಿಲ್ಲ

ನಾನು ಬರೆದ ಮೊದಲ ರ‍್ಯಾಪ್ ಹೀಗಿತ್ತು:

ನಾನು ಬರ್ತೀನಿ, ಸ್ಟೇಜು ಏರ್ತೀನಿ,
ಮೈಕು ಹಿಡೀತೀನಿ, ನಿನ್ನ ಮುಗಿಸ್ತೀನಿ.

ಎರಡು ಸಾಲಿನಲ್ಲಿ ನಾಲ್ಕು ಪ್ರಾಸ ಅಂತ ಹಿಗ್ಗಿದ್ದೆ. ನಿಜಕ್ಕೂ ಅಲ್ಲಿ ಒಂದೂ ಇರಲಿಲ್ಲ. ‘ತೀನಿ’ ಕ್ರಿಯಾಪದದ ಬಾಲ, ಅಷ್ಟೇ. ಕನ್ನಡದಲ್ಲಿ ವಾಕ್ಯ ಮುಗಿಯುವುದೇ ಕ್ರಿಯಾಪದದಲ್ಲಿ. ‘ನಾನು’ ಅಂತ ಶುರು ಮಾಡಿದರೆ ಸಾಲು ತಾನಾಗಿಯೇ ‘ತೀನಿ’ಗೆ ಬಂದು ನಿಲ್ಲುತ್ತದೆ. ಅಕ್ಕಿ ತರ್ತೀನಿ, ಬೇಳೆ ತರ್ತೀನಿ, ಹಾಲು ಕಾಸ್ತೀನಿ. ದಿನಸಿ ಚೀಟಿಯೂ ರ‍್ಯಾಪೇ ಆಗ!

ಇದು ತಲೆಗೆ ಹೋಗುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

2018ರಲ್ಲಿ ಬ್ಯಾಡಗಿಯಿಂದ ಬೆಂಗಳೂರಿಗೆ ಬಂದೆ. ಹಗಲು ಮೊಬೈಲ್ ರಿಪೇರಿ ಅಂಗಡಿ, ರಾತ್ರಿ ವಿಜಯನಗರದ ರೂಮು. ರೂಮಿನ ಇನ್ನೊಬ್ಬ ಮಂಡ್ಯದವನು, ಹಳೇ ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುತ್ತಿದ್ದ. ಅಮೆರಿಕದ ಕೆಂಡ್ರಿಕ್ ಲಮಾರ್‌ಗೆ ಅಲ್ಲಿನ ದೊಡ್ಡ ಗೌರವವಾದ ಪುಲಿಟ್ಜರ್ ಬಹುಮಾನ ಬಂದ ವರ್ಷ ಅದು. “ನೋಡು ಮಗಾ, ರ‍್ಯಾಪಿಗೂ ಪುಲಿಟ್ಜರ್ ಕೊಟ್ರು, ಇನ್ನೇನು ಬೇಕು” ಅಂತ ಅವನು ವಾರಗಟ್ಟಲೆ ಕುಣಿದ. ನನಗೆ ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಸಾಹಿತ್ಯವನ್ನು ಪ್ರಿಂಟ್ ತೆಗೆದು, ಒಂದೇ ಥರ ಕೇಳುವ ಅಕ್ಷರಗಳಿಗೆ ಸ್ಕೆಚ್ ಪೆನ್ನಿನಿಂದ ಒಂದೇ ಬಣ್ಣ ಹಚ್ಚುತ್ತಿದ್ದೆ. ಹಾಳೆಯಲ್ಲಿ ಬಣ್ಣ ಜಾಸ್ತಿ ಇದ್ದಷ್ಟೂ ರ‍್ಯಾಪರ್ ದೊಡ್ಡವನು. ಇದೇ ನನ್ನ ಅಳತೆಗೋಲು.

ಆ ಕೋಲು ಹಿಡಿದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ್ಯಂಡ್ ದ ಫ್ಯೂರಿಯಸ್ ಫೈವ್ ಅವರ 1982ರ ‘ದ ಮೆಸೇಜ್’ ಹಾಡಿಗೆ ಬಣ್ಣ ಹಚ್ಚಿದೆ. ಹಾಳೆ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ಸಾಲಿನ ಕೊನೆಗೊಂದು ಪ್ರಾಸ, ಮುಗೀತು. ಹಳೇ ಕಾಲದ್ದು, ಮಕ್ಕಳ ಪದ್ಯ ಅಂತ ಪಕ್ಕಕ್ಕಿಟ್ಟೆ. ಎಂಥ ದಡ್ಡತನ. ಹಿಪ್-ಹಾಪ್ ಹುಟ್ಟಿದ್ದು 1973ರ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಪಾರ್ಟಿಯಲ್ಲಿ ಅಂತ ಹೇಳುತ್ತಾರೆ. ಮೊದಲ ವರ್ಷಗಳಲ್ಲಿ ಮೈಕ್ ಹಿಡಿದವನ ಕೆಲಸ ಜನರನ್ನು ಕುಣಿಸುವುದು. ಪಾರ್ಕಿನ ಗದ್ದಲದಲ್ಲಿ ಹಿಂದೆ ನಿಂತವನಿಗೂ ಕೇಳಬೇಕು. ಅಲ್ಲಿ ಕೊನೆಯ ಪ್ರಾಸ ಗಟ್ಟಿಯಾಗಿ, ಸರಳವಾಗಿ ಬಿದ್ದರೇನೇ ಚೆಂದ. ಕುಣಿಸುತ್ತಿದ್ದ ಅದೇ ಸರಳ ಪ್ರಾಸದಲ್ಲಿ ‘ದ ಮೆಸೇಜ್’ನವರು ಒಡೆದ ಗಾಜು, ಇಲಿ, ಜಿರಳೆ, ಮನೆ ಬದಲಿಸಲು ಕಾಸಿಲ್ಲದ ಬದುಕನ್ನು ತಂದು ನಿಲ್ಲಿಸಿದರು. ನನ್ನ ಸ್ಕೆಚ್ ಪೆನ್ನಿನಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ.

ಬಣ್ಣಕ್ಕೆ ಸಿಕ್ಕವನು ನ್ಯೂಯಾರ್ಕಿನ ರಾಕಿಂ. 1987ರ ‘ಪೇಯ್ಡ್ ಇನ್ ಫುಲ್’ ಆಲ್ಬಮ್ಮಿನವನು. ಕೂಗಾಡದೆ, ತಣ್ಣಗೆ, ಸಾಲಿನ ಹೊಟ್ಟೆಯೊಳಗೇ ಪ್ರಾಸ ಪೋಣಿಸುತ್ತಾನೆ. ಮೊದಲು ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು, ಜಾನ್ ಕೋಲ್ಟ್ರೇನ್ ಅವರನ್ನು ಕೇಳಿ ಬೆಳೆದವನು. ಅದಕ್ಕೇ ಇರಬೇಕು, ಅವನ ವಾಕ್ಯ ಬಾರ್ (ತಾಳದ ಒಂದು ಸುತ್ತು) ಮುಗಿದ ಕಡೆ ಮುಗಿಯುವುದಿಲ್ಲ. ಗೆರೆ ದಾಟಿ ಮುಂದಿನ ಬಾರ್‌ಗೆ ಕಾಲಿಟ್ಟು ಉಸಿರು ಬಿಡುತ್ತದೆ. ಬರೆಯುವ ಮೊದಲು ಕಾಗದದ ಮೇಲೆ 16 ಚುಕ್ಕಿ ಇಟ್ಟುಕೊಳ್ಳುತ್ತೇನೆ ಅಂತ ಅವನೇ ಹೇಳಿದ್ದಾನೆ. ಅದನ್ನು ಕೇಳಿ ನನಗೆ ನಗು ಬಂತು. ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ನಮ್ಮವ್ವ ದಿನಾ ಬೆಳಗ್ಗೆ ಬಾಗಿಲ ಮುಂದೆ ಮಾಡುತ್ತಿದ್ದಳು. ಆ ಚುಕ್ಕಿ ಅವನ ಲೆಕ್ಕಕ್ಕೆ. ನಾನು ಅದನ್ನು ಬೇರೆಯೇ ಲೆಕ್ಕಕ್ಕೆ ಬಳಸಿಕೊಂಡೆ, ಅದು ಆಮೇಲೆ.

ನಡುವೆ ಒಂದು ಅವಮಾನದ ಕಥೆ ಇದೆ. ಒಂದು ಸಣ್ಣ ಸ್ಪರ್ಧೆ. ನಾನು ಬರೆದದ್ದು ಬೆಂಗಳೂರಿನ ಕನ್ನಡದಲ್ಲೇ, ಊರ ಮಾತಿಗೆ ನಾಚಿಕೆ. ಆದರೂ ಸ್ಟೇಜಿನ ಗಾಬರಿಯಲ್ಲಿ ಒಂದು ಕಡೆ ‘ಹೊಂಟೇನಿ’ ಅಂದುಬಿಟ್ಟೆ. ಇಡೀ ಹಾಲ್ ನಕ್ಕಿತು. ನಮ್ಮ ಕಡೆ ಮಾತು ಸಿನಿಮಾದಲ್ಲಿ ಕಾಮಿಡಿಗೇ ಬರುವುದು ನೋಡಿ, ಜನರಿಗೆ ಅದು ಅಭ್ಯಾಸ. ತೀರ್ಪುಗಾರರೊಬ್ಬರು ಮೈಕಿನಲ್ಲೇ “ಭಾಷೆ ಸ್ವಲ್ಪ ನೀಟ್ ಮಾಡ್ಕೊಳಿ” ಅಂದರು. ತಿಂಗಳುಗಟ್ಟಲೆ ಪೆನ್ನು ಮುಟ್ಟಲಿಲ್ಲ.

ಆಗ ಸಮಾಧಾನ ಸಿಕ್ಕಿದ್ದು ಅಮೆರಿಕದ ದಕ್ಷಿಣದ ಅಟ್ಲಾಂಟದಿಂದ. 1995ರ ಸೋರ್ಸ್ ಅವಾರ್ಡ್ಸ್, ಹಿಪ್-ಹಾಪ್‌ನವರಿಗೆ ಕೊಡುವ ಪ್ರಶಸ್ತಿ. ಜಗಳವೆಲ್ಲ ನ್ಯೂಯಾರ್ಕ್ ದೊಡ್ಡದೋ ಲಾಸ್ ಏಂಜಲೀಸ್ ದೊಡ್ಡದೋ ಅಂತ. ಅಟ್ಲಾಂಟದ ಔಟ್‌ಕಾಸ್ಟ್ ಹುಡುಗರಿಗೆ ಹೊಸ ತಂಡದ ಪ್ರಶಸ್ತಿ ಬಂದಾಗ ನ್ಯೂಯಾರ್ಕಿನ ಸಭೆ ‘ಬೂ’ ಅಂದಿತು. ಅವರಲ್ಲೊಬ್ಬ, ಆಂಡ್ರೆ 3000, ಮೈಕ್ ಹಿಡಿದು, ದಕ್ಷಿಣದವರಿಗೂ ಹೇಳುವುದಿದೆ ಅಂದು ಇಳಿದುಹೋದ. ಅದನ್ನು ನೋಡಿದ ಮೇಲೆ ಅದೇ ದಕ್ಷಿಣದ ಹ್ಯೂಸ್ಟನ್ನಿನ ಗೆಟೊ ಬಾಯ್ಸ್ ತಂಡದ 1991ರ ಹಾಡನ್ನೂ ಕೇಳಿದೆ. ಅದರಲ್ಲಿ ತಂಡದ ಸ್ಕಾರ್‌ಫೇಸ್ ನಿದ್ದೆ ಬಾರದ, ತನ್ನ ಮನಸ್ಸಿಗೆ ತಾನೇ ಹೆದರುವ ಗಂಡಸಿನ ಕಥೆ ಹೇಳುತ್ತಾನೆ. ಪದಗಳ ಆಟ ಕಡಿಮೆ. ದಕ್ಷಿಣದ ಎಳೆದಾಡುವ ಉಚ್ಚಾರ ಇದ್ದ ಹಾಗೇ ಇದೆ. ಆ ಉಚ್ಚಾರ ತೆಗೆದರೆ ಹಾಡೇ ಸಾಯುತ್ತದೆ.

ಸರಿ, ಊರ ಮಾತಿನಲ್ಲೇ ಬರೆಯುತ್ತೇನೆ ಅಂತ ಕೂತೆ. ಆದರೆ ಪ್ರಾಸದ ಕಾಟ ಹಾಗೇ ಇತ್ತು. ‘ತೀನಿ’ ಹೋಗಿ ‘ತೇನಿ’ ಬಂತು, ಅಷ್ಟೇ ವ್ಯತ್ಯಾಸ.

ಇಲ್ಲಿ ಕಣ್ಣು ತೆರೆಸಿದ್ದು ಅಮೆರಿಕದ ಇನ್ನೊಬ್ಬ ರ‍್ಯಾಪರ್ ಎಮಿನೆಮ್. 2010ರ ಒಂದು ಟಿವಿ ಸಂದರ್ಶನದಲ್ಲಿ ಅವನು ‘ಆರೆಂಜ್’ ಪದದ ಬಗ್ಗೆ ಮಾತಾಡುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರಾಸವೇ ಇಲ್ಲ ಅನ್ನುವುದು ಹಳೇ ಮಾತು. ಅವನು ಉಚ್ಚಾರವನ್ನು ಬಗ್ಗಿಸಿ, ‘ಡೋರ್ ಹಿಂಜ್’ (ಬಾಗಿಲ ಕೀಲು), ‘ಪಾರಿಜ್’ (ಗಂಜಿ), ‘ಜಾರ್ಜ್’ ಎಲ್ಲವನ್ನೂ ಅದಕ್ಕೆ ಸಾಲಾಗಿ ಕಟ್ಟಿ ತೋರಿಸುತ್ತಾನೆ. ಸುಮ್ನೆ ಆರೆಂಜಿಗೆ ಕನ್ನಡದಲ್ಲಿ ಯೋಚಿಸಿದೆ. ಕಿತ್ತಳೆ. ಕತ್ತಲೆ, ಬೆತ್ತಲೆ, ಸುತ್ತಲೇ. ಅರ್ಧ ನಿಮಿಷವೂ ಆಗಲಿಲ್ಲ! ಅವನಿಗೆ ಅದು ಸಾಹಸ. ನನಗೆ ಪುಕ್ಕಟೆ. ಭಾಷೆ ಪುಕ್ಕಟೆ ಕೊಟ್ಟದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಇಂಗ್ಲಿಷಿನ ಕೋಲಿನಿಂದ ಕನ್ನಡ ಅಳೆಯುತ್ತಾ ಕೂತಿದ್ದೆ.

ಆ ಪಟ್ಟಿ ಗೋಡೆಗೆ ಅಂಟಿಸಿಕೊಂಡು ನೋಡುತ್ತಿರುವಾಗಲೇ ಇನ್ನೊಂದು ಕಂಡಿತು. ನಾಲ್ಕೂ ಪದಗಳಲ್ಲಿ ಎರಡನೇ ಅಕ್ಷರ ‘ತ್ತ’. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು ತಲೆಗೆ ಹೊಡೆದು ಕಲಿಸಿದ ಆದಿಪ್ರಾಸ! ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ. ಆ ಮಾರ್ಕ್ಸಿಗಾಗಿ ಉರು ಹೊಡೆದು ಮರೆತದ್ದು. ಹಳಗನ್ನಡದ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಮೊದಲಲ್ಲಿ, ಎರಡನೇ ಅಕ್ಷರದಲ್ಲಿ. ಅದು ಕಾಲಿಗೆ ಸಂಕೋಲೆ ಅನ್ನಿಸಿ 1911ರಲ್ಲಿ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದರು. ಅವರು ಕಳಚಿ ಇಟ್ಟದ್ದನ್ನು ನಾನು ವಿಜಯನಗರದ ರೂಮಿನಲ್ಲಿ ಎತ್ತಿಕೊಂಡೆ. (ಹಾಗಂತ ‘ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು’ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಬ್ರಾಂಕ್ಸಿನದ್ದು ಬ್ರಾಂಕ್ಸಿನವರದ್ದು.)

ಮತ್ತೆ ಆ 16 ಚುಕ್ಕಿ. ಒಂದು ಬಾರ್‌ನಲ್ಲಿ ನಾಲ್ಕು ಬೀಟು. ಒಂದೊಂದು ಬೀಟಿಗೆ ನಾಲ್ಕು ಮಾತ್ರೆಯ ಒಂದು ಗಣ ಇಟ್ಟರೆ ಬಾರ್‌ಗೆ 16 ಮಾತ್ರೆ. ಗೆಳೆಯನ ಬೀಟ್ 90 ಬಿಪಿಎಂ (ನಿಮಿಷಕ್ಕೆ 90 ಬೀಟು), ಅಂದರೆ ಒಂದು ಬಾರ್ ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಹಾಳೆಯಲ್ಲಿ ಚುಕ್ಕಿ ಇಟ್ಟೆ, ಲಘುವಿಗೆ ಒಂದು, ಗುರುವಿಗೆ ಎರಡು. ಊರಿನ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪ ಹಮಾಲಿ ಮಾಡುತ್ತಿದ್ದದ್ದನ್ನು ಬರೆದೆ:

ಹೊತ್ತೇ ಮೂಡದ ಹೊತ್ತಿಗೆ ಹೊತ್ತಾ
ಕುತ್ತಿಗಿ ತುಂಬಾ ಮೆಣಸಿನ ಧೂಳಾ
ಎತ್ತಿದ ಚೀಲಕ ಎಣಿಸಿದ ರೊಕ್ಕಾ
ಮೆತ್ತಗ ಜಾರೀ ಕೆಮ್ಮಿಗೆ ಹೋತೋ

ಸಾಲಿನ ಕೊನೆಯಲ್ಲಿ ಪ್ರಾಸ ಇಲ್ಲ. ‘ಅಪ್ಪ’ ಅನ್ನುವ ಪದವೂ ಇಲ್ಲ, ಅದನ್ನು ಬೇಕಂತಲೇ ತೆಗೆದೆ. ಮೊದಲ ಸಾಲಿನಲ್ಲಿ ಸೂರ್ಯ, ಸಮಯ, ಹೊರುವುದು, ಮೂರಕ್ಕೂ ಒಂದೇ ಸದ್ದು. ಇದು ನನ್ನ ಜಾಣತನ ಅಲ್ಲ, ಪದದೊಳಗೇ ಇತ್ತು.

ಆದರೆ ಬೀಟಿನ ಮೇಲೆ ಹಾಡಿದರೆ ಕಂಠಪಾಠ ಒಪ್ಪಿಸಿದ ಹಾಗೆ ಕೇಳುತ್ತಿತ್ತು. “ಮಗ್ಗಿ ಹೇಳ್ತಾ ಇದ್ಯಾ ಮಗಾ” ಅಂದ ಗೆಳೆಯ. ಸರಿಯಾಗೇ ಹೇಳಿದ. ಗಣ ಗಣವೂ ಬೀಟಿಗೆ ಕರೆಕ್ಟಾಗಿ ಬೀಳುತ್ತಿತ್ತು, ಅದೇ ತೊಂದರೆ. ರಾಕಿಂ ಗೆರೆ ದಾಟುವುದು ನೆನಪಾಗಿ, ಸಾಲನ್ನು ಒಂದು ಬೀಟ್ ತಡವಾಗಿ ಶುರು ಮಾಡಿದೆ. ಆ ಬೀಟಿನಲ್ಲಿ ಒಂದು ಮತ್ತು ಮೂರಕ್ಕೆ ಕಿಕ್ (ದಪ್ಪ ದನಿಯ ಡ್ರಮ್ಮು), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಚಟ್ ಅನ್ನುವ ಡ್ರಮ್ಮು). ಈಗ ‘ಹೊತ್ತೇ’ ಹೋಗಿ ಸ್ನೇರಿನ ಮೇಲೆ ಕೂತಿತು. ‘ಹೊತ್ತಿಗೆ’ ಎರಡನೇ ಸ್ನೇರಿಗೆ. ಉಳಿದ ‘ಹೊತ್ತಾ’ ಗೆರೆ ದಾಟಿ ಮುಂದಿನ ಬಾರ್‌ನ ಕಿಕ್ ಮೇಲೆ ದೊಪ್ಪಂತ ಬಿತ್ತು, ಲಾರಿಯಿಂದ ಚೀಲ ಇಳಿಸಿದ ಹಾಗೆ. ‘ತ್ತ’ದ ಹತ್ತಿರ ನಾಲಿಗೆ ಅರೆಗಳಿಗೆ ಹಲ್ಲಿಗೆ ಅಂಟಿ ನಿಲ್ಲುತ್ತದಲ್ವಾ, ಆ ಮೌನವೂ ಒಂದು ವಾದ್ಯ. ಗೆಳೆಯ ಬೀಟಿನಲ್ಲಿದ್ದ ಹೈ-ಹ್ಯಾಟ್ (ಚಿಟಿಚಿಟಿ ಅನ್ನುವ ತಾಳ) ತೆಗೆದೇ ಬಿಟ್ಟ. “ನಿನ್ ಒತ್ತಕ್ಷರಾನೇ ಸಾಕು” ಅಂದ.

ಅದನ್ನು ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್ ಬಂತು.

“ಬರೋಬ್ಬರಿ ಐತಿ ತಮ್ಮಾ. ಆದ್ರ ರೊಕ್ಕಾ ಎಣಿಸಿದ್ದು ಯಾವಾಗ ನಾವು? ವಾರಕ್ಕೊಮ್ಮಿ ಚೀಟಿ ಬರದು ಕೊಡ್ತಿದ್ರು. ಮುಂಗಡ ಅದರಾಗ ಹಿಡಕೊಂಡು ಉಳದದ್ದು ಕೈಗೆ.”

ಹಾಳೆಯಲ್ಲಿ ‘ಎಣಿಸಿದ ರೊಕ್ಕಾ’ ಹೊಡೆದುಹಾಕಿದೆ. ಎಂಟು ಚುಕ್ಕಿ ಖಾಲಿ. ‘ವಾರದ ಚೀಟೀ’ ಬರೆದು ಎಣಿಸಿದರೆ ಸರಿಯಾಗಿ ಎಂಟು.

ಎತ್ತಿದ ಚೀಲಕ ವಾರದ ಚೀಟೀ
ಮೆತ್ತಗ ಜಾರೀ ಕೆಮ್ಮಿಗೆ ಹೋತೋ

ಚೀಲ, ಚೀಟಿ ಎರಡೂ ನಾಲಿಗೆಗೆ ತೊಡರಿ ನಾಲ್ಕು ಟೇಕ್ ಆಯಿತು. ಫೈಲ್ ಸೇವ್ ಮಾಡಿ ಮಲಗಿದ ಮೇಲೆ ಹೊಳೆಯಿತು, ಅಪ್ಪನ ಕೆಮ್ಮಿಗೆ ಡಾಕ್ಟರು ಬರೆದುಕೊಡುತ್ತಿದ್ದದ್ದೂ ಚೀಟಿಯೇ.