ಅವ್ವನ ಜೊತೆ ಮಹಾಬಲಿಪುರದಲ್ಲಿ ಒಂದು ಬೆಳಗ್ಗೆ

ಮೊದಲ ಸಲ ಹೋದಾಗ ಸಮಯ ನೋಡಿಕೊಳ್ಳದೆ ಕೆಟ್ಟೆ. ಚೆನ್ನೈನಿಂದ ಸುಮಾರು 60 ಕಿ.ಮೀ. ಅಷ್ಟೇ ಅಲ್ವಾ ಎಂದುಕೊಂಡು ತಿಂಡಿ ಮುಗಿಸಿ ನಿಧಾನಕ್ಕೆ ಹೊರಟೆವು. ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅವ್ವನಿಗೆ ತಲೆ ಸುತ್ತಿತು. ಬಂಡೆಯಲ್ಲೇ ಕೆತ್ತಿದ ಐದು ಗುಡಿಗಳಾದ ಪಂಚರಥದ ಮುಂದೆ ಒಂದು ಫೋಟೋ ತೆಗೆದುಕೊಂಡು ವಾಪಸ್.

ಈ ಸಲ ಹಿಂದಿನ ಸಂಜೆಯೇ ಹೋಗಿ ಊರಲ್ಲೇ ಉಳಿದೆವು. ಬೆಳಗ್ಗೆ ಬೇಗ ಎದ್ದು ಸೀದಾ ಕಡಲ ತೀರದ ಗುಡಿಗೆ. ಎಂಟನೇ ಶತಮಾನದ ಆರಂಭದಲ್ಲಿ ಪಲ್ಲವರ ರಾಜಸಿಂಹ ಕಟ್ಟಿಸಿದ್ದು. ಎರಡು ಶಿವನ ಗುಡಿ, ನಡುವೆ ಮಲಗಿದ ವಿಷ್ಣು. ಎಳೆ ಬಿಸಿಲು ಸಮುದ್ರದ ಕಡೆಯಿಂದ ಬೀಳುವಾಗ ಉಪ್ಪುಗಾಳಿಗೆ ಸವೆದ ಶಿಲ್ಪಗಳೂ ಎದ್ದು ಕಾಣುತ್ತವೆ. ಮಧ್ಯಾಹ್ನ ಇದು ಸಿಗುವುದಿಲ್ಲ.

ಆಮೇಲೆ ಆಟೋದಲ್ಲಿ ಪಂಚರಥಕ್ಕೆ. ಹೆಸರಷ್ಟೇ ಪಾಂಡವರದು, ಅವರಿಗೂ ಇದಕ್ಕೂ ಸಂಬಂಧವಿಲ್ಲ. ಧರ್ಮರಾಜ ರಥದ ಬುಡವನ್ನು ತಪ್ಪದೆ ನೋಡಿ. ಮೇಲೆ ನುಣುಪಾದ ಕೆತ್ತನೆ, ಕೆಳಗೆ ಕೆಲಸ ಅರ್ಧಕ್ಕೇ ನಿಂತಿದೆ. ಬಂಡೆಯನ್ನು ಮೇಲಿಂದ ಕೆಳಕ್ಕೆ ಕೆತ್ತುತ್ತಾ ಬಂದಿದ್ದು ಅಲ್ಲೇ ಗೊತ್ತಾಗುತ್ತದೆ. ನನಗಂತೂ ಮುಗಿದ ಶಿಲ್ಪಕ್ಕಿಂತ ಆ ಒರಟು ಕಲ್ಲೇ ಜಾಸ್ತಿ ಹಿಡಿಸಿತು.

ಗುಡ್ಡದ ಗುಹೆಗಳನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ, ಅಲ್ಲಿ ನೆರಳಿದೆ. ಪಕ್ಕದಲ್ಲೇ ಅರ್ಜುನನ ತಪಸ್ಸಿನ ದೊಡ್ಡ ಬಂಡೆ. ಕೆಲವರು ಇದನ್ನು ಗಂಗೆ ಇಳಿದು ಬಂದ ಕಥೆ ಎನ್ನುತ್ತಾರೆ. ನಡುವಿನ ಸೀಳಿನಲ್ಲಿ ನಾಗರು, ಪಕ್ಕದಲ್ಲಿ ಆನೆಗಳು. ನಾನು ಆನೆ ನೋಡುತ್ತಾ ನಿಂತಿದ್ದೆ. ಅವ್ವ ಕೂಗಿದಳು: “ಏ ತಮ್ಮಾ, ಬೆಕ್ಕು ತಪಸ್ಸಿಗೆ ನಿಂತೈತಿ ನೋಡು!” ಮುಂಗಾಲು ಮೇಲೆತ್ತಿ ನಿಂತ ಬೆಕ್ಕು, ಸುತ್ತ ಇಲಿಗಳು. ಹಿಂದಿನ ಸಲ ಇದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಅವ್ವನ ತವರು ಬಾದಾಮಿ. ಮಹಾಬಲಿಪುರಕ್ಕೆ ಮಾಮಲ್ಲಪುರ ಅಂತಲೂ ಹೆಸರಿದೆ, ಅದು ಬಂದಿದ್ದು ಪಲ್ಲವ ರಾಜ ಮಾಮಲ್ಲ ನರಸಿಂಹವರ್ಮನಿಂದ, 642ರಲ್ಲಿ ಬಾದಾಮಿ ಗೆದ್ದವನು ಅವನೇ ಎಂದೆ. ಅವಳ ಮುಖ ಸಣ್ಣದಾಯಿತು. ಮುಂದೆ ನಮ್ಮ ಬಾದಾಮಿಯ ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದ, ಆದರೆ ಇದೇ ರಾಜಸಿಂಹ ಅಲ್ಲಿ ಕಟ್ಟಿಸಿದ್ದ ಕೈಲಾಸನಾಥ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ, ಅದನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲೇ ಬರೆಸಿದ ಎಂದೂ ಹೇಳಿದೆ.

“ಹಂಗಾರ ಕಂಚಿಗೂ ಹೋಗೂಣು” ಎಂದಳು. ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೇ ಹೊರಟೆವು.